ಹಳೇ ಓನರ್‌ಗೆ ಫೋನ್ ಮಾಡಿ ವಿಚಾರಿಸೋದು ಹೇಗೆ: ಮನೆ ಬಾಡಿಗೆಗೆ ಕೊಡೋರಿಗೆ ಒಂದಿಷ್ಟು

ಬೆಂಗಳೂರಲ್ಲಿ ಮನೆ ಬಾಡಿಗೆಗೆ ಕೊಡೋ ಮುಂಚೆ ಓನರ್‌ಗಳು ಕೇಳದೇ ಇರೋ ಪ್ರಶ್ನೆ ಇಲ್ಲ. ಎಲ್ಲಿ ಕೆಲಸ, ಸಂಬಳ ಎಷ್ಟು, ಊರು ಯಾವುದು, ಊರಿಂದ ಯಾರ್ಯಾರು ಬರ್ತಾರೆ, ಬಂದ್ರೆ ಎಷ್ಟು ದಿನ ಇರ್ತಾರೆ, ಆಧಾರ್ ಜೆರಾಕ್ಸ್ ಕೊಡಿ, ಆಫೀಸ್ ಐಡಿ ತೋರಿಸಿ, ಎಲ್ಲಾ ಆಗುತ್ತೆ. ಆದ್ರೆ "ಇಷ್ಟು ದಿನ ಯಾರ ಮನೇಲಿದ್ರಿ, ಅವರ ನಂಬರ್ ಕೊಡಿ" ಅಂತ ಕೇಳೋರು ಕಮ್ಮಿ, ಕೇಳಿದ್ರೂ ಫೋನ್ ಮಾಡಿ "ಹೆಂಗೆ ಸರ್, ಒಳ್ಳೆ ಜನಾನಾ?" ಅಂತಾರೆ, ಆ ಕಡೆಯಿಂದ "ಹೂಂ, ಏನೂ ತೊಂದ್ರೆ ಇಲ್ಲ" ಅಂತ ಬರುತ್ತೆ, ಇಟ್ಟುಬಿಡ್ತಾರೆ. ಈ ಫೋನ್ ಮಾಡಿದ್ರೂ ಒಂದೇ ಬಿಟ್ರೂ ಒಂದೇ.

ಮೊದಲೆಲ್ಲ ಇದರ ಚಿಂತೆ ಇರ್ಲಿಲ್ಲ ಯಾಕಂದ್ರೆ ಹತ್ತು ತಿಂಗಳ ಅಡ್ವಾನ್ಸ್ ಕೈಗೆ ಬಂದುಬಿಡ್ತಿತ್ತು, ಬಾಡಿಗೆ ಕೊಡ್ಲಿಲ್ಲ ಅಂದ್ರೆ ಅದರಲ್ಲೇ ಮುರ್ಕೊಂಡ್ರಾಯ್ತು. ಈಗ ಐದು ತಿಂಗಳು ಕೊಟ್ರೆ ಜಾಸ್ತಿ, ಎರಡು ಮೂರಕ್ಕೂ ಕೇಳ್ತಾರೆ, ನನ್ನ ಪ್ರಕಾರ ಕೇಳೋದ್ರಲ್ಲಿ ತಪ್ಪೂ ಇಲ್ಲ. ಆದ್ರೆ ಅಡ್ವಾನ್ಸ್ ಕಮ್ಮಿ ಆದಷ್ಟೂ ವಿಚಾರಣೆ ಗಟ್ಟಿ ಇರ್ಬೇಕು. ಇನ್ನೊಂದು ವಿಷಯ, ಕರ್ನಾಟಕ ಬಾಡಿಗೆ ಕಾಯ್ದೆ 1999 ಅಂತ ಒಂದಿದ್ಯಲ್ಲ, ಅದು ಬೆಂಗಳೂರಿನಂಥ ಊರಲ್ಲಿ ತಿಂಗಳ ಬಾಡಿಗೆ 3500 ರೂಪಾಯಿ ದಾಟಿದ ಮನೆಗೆ ಅನ್ವಯ ಆಗಲ್ಲ, ಇವತ್ತು 3500ಕ್ಕೆ ಸ್ಕೂಟರ್ ಶೆಡ್ ಸಿಕ್ಕಿದ್ರೆ ಪುಣ್ಯ. ಅಂದ್ರೆ ನಮ್ಮ ನಿಮ್ಮ ಮನೆಗಳೆಲ್ಲ 1882ರ ಆಸ್ತಿ ವರ್ಗಾವಣೆ ಕಾಯ್ದೆ ಕೆಳಗೆ ಬರೋದು, ನೋಟಿಸ್ ಕೊಡ್ಬೇಕು, ಖಾಲಿ ಮಾಡ್ಲಿಲ್ಲ ಅಂದ್ರೆ ಕೋರ್ಟಲ್ಲಿ ದಾವೆ ಹಾಕ್ಬೇಕು, ಅದು ಯಾವಾಗ ಮುಗಿಯುತ್ತೋ ಶಿವನೇ ಬಲ್ಲ. ಕರೆಂಟ್ ಕಟ್ ಮಾಡೋದು, ನೀರು ನಿಲ್ಲಿಸೋದು ಇವೆಲ್ಲ ಮಾಡಂಗಿಲ್ಲ, ಮಾಡಿದ್ರೆ ನೀವೇ ಸ್ಟೇಷನ್‌ಗೆ ಹೋಗ್ಬೇಕಾಗುತ್ತೆ. ಅದಕ್ಕೇ ಬರೋಕೆ ಮುಂಚೆ ಹತ್ತು ನಿಮಿಷ ಫೋನಲ್ಲಿ ಕಳೆಯೋದು ಲಾಭ.

ಯಾವಾಗ ಕೇಳ್ಬೇಕು

ಟು-ಲೆಟ್ ಬೋರ್ಡ್ ನೋಡಿ ಬಂದೋರಿಗೆಲ್ಲ ಗೇಟ್ ಹತ್ರಾನೇ ಹಳೇ ಓನರ್ ನಂಬರ್ ಕೇಳೋಕೆ ಹೋಗ್ಬೇಡಿ, ಅವರಿಗೂ ಕಿರಿಕಿರಿ, ನಿಮಗೂ ಟೈಮ್ ವೇಸ್ಟು. ಮನೆ ನೋಡಿದ್ರು, ಇಷ್ಟ ಆಯ್ತು, ಬಾಡಿಗೆ ಅಡ್ವಾನ್ಸ್ ಮಾತು ಒಂದು ಹಂತಕ್ಕೆ ಬಂತು, ಆಗ ಕೇಳಿ. ಮುಖ್ಯವಾಗಿ ಟೋಕನ್ ತಗೊಳ್ಳೋಕೆ ಮುಂಚೆ ಕೇಳಿ. ಟೋಕನ್ ತಗೊಂಡು ಆಮೇಲೆ ವಿಚಾರಿಸಿ "ಬೇಡ" ಅಂದ್ರೆ ಅದು ಜಗಳಕ್ಕೆ ದಾರಿ, ಅವರು ಅಷ್ಟ್ರಲ್ಲಿ ಬೇರೆ ಮನೆ ಬಿಟ್ಟಿರ್ತಾರೆ, ಪ್ಯಾಕರ್ಸ್‌ಗೆ ಹೇಳಿರ್ತಾರೆ, ಪಾಪ.

ಕೇಳೋದನ್ನೂ ನೇರವಾಗಿ ಕೇಳಿ. "ನಮ್ಮಲ್ಲಿ ಯಾರಿಗೇ ಕೊಡೋದಾದ್ರೂ ಹಿಂದಿನ ಓನರ್ ಹತ್ರ ಒಂದು ಸಲ ಮಾತಾಡ್ತೀವಿ, ನಿಮಗೆ ಅಭ್ಯಂತರ ಇಲ್ವಲ್ಲ?" ಅಷ್ಟೇ. ಎಲ್ಲರಿಗೂ ಇದೇ ಮಾತು ಹೇಳಿ, ಒಬ್ಬರಿಗೆ ಕೇಳಿ ಇನ್ನೊಬ್ಬರಿಗೆ ಬಿಡೋದು ಬೇಡ. ನಿಮ್ಮ ಕಡೆಯವರು ಅನ್ನೋ ಕಾರಣಕ್ಕೆ ಬಿಟ್ಟು, ಉತ್ತರ ಭಾರತದಿಂದ ಬಂದ ಹುಡುಗ ಅಂತ ಮೂರು ಜನರ ನಂಬರ್ ಕೇಳೋದು, ಇದು ಬಹಳ ನಡೆಯುತ್ತೆ ನಮ್ಮೂರಲ್ಲಿ, ಆಮೇಲೆ ಮೋಸ ಮಾಡೋದು ಅದೇ ನಮ್ಮ ಕಡೆಯವರೇ ಆಗಿರ್ತಾರೆ.

ಇಲ್ಲಿ ಒಂದು ಸೂಕ್ಷ್ಮ ಇದೆ. ಎಷ್ಟೋ ಜನ ಈಗಿರೋ ಓನರ್‌ಗೆ ಗೊತ್ತಾಗದ ಹಾಗೆ ಮನೆ ಹುಡುಕ್ತಿರ್ತಾರೆ, ಸಿಕ್ಕಿದ್ಮೇಲೆ ನೋಟಿಸ್ ಕೊಡೋಣ ಅಂತ. ನೀವು ಹೇಳ್ದೆ ಕೇಳ್ದೆ ಫೋನ್ ಮಾಡಿ "ನಿಮ್ಮ ಮನೆಯವರು ಖಾಲಿ ಮಾಡ್ತಿದಾರಂತೆ" ಅಂದ್ರೆ ಅವರ ಕಥೆ ಮುಗೀತು, ನಿಮ್ಮ ಮನೇನೂ ಇಲ್ಲ, ಆ ಮನೇಲೂ ಮುಖ ಗಂಟು. ಹಾಗಾಗಿ ಒಪ್ಪಿಗೆ ತಗೊಂಡೇ ಮಾಡಿ. ನೋಟಿಸ್ ಕೊಟ್ಟಿಲ್ಲ ಅಂತ ಅವರು ಹೇಳಿದ್ರೆ ಅದಕ್ಕಿಂತ ಹಿಂದಿನ ಮನೆ ಓನರ್ ನಂಬರ್ ಕೇಳಿ. ನಿಜ ಹೇಳ್ಬೇಕಂದ್ರೆ ನನಗೆ ಆ ಹಿಂದಿನ ಓನರ್ ಮಾತೇ ಹೆಚ್ಚು ತೂಕದ್ದು ಅನ್ಸೋದು, ಯಾಕೆ ಅಂತ ಮುಂದೆ ಹೇಳ್ತೀನಿ.

ಆ ಕಡೆ ಇರೋದು ನಿಜವಾದ ಓನರಾ?

ಇದು ದೊಡ್ಡ ತಲೆನೋವು. ಬಾಡಿಗೆಗೆ ಬರೋರು ತಮ್ಮ ಫ್ರೆಂಡ್ ನಂಬರೋ ಭಾವನ ನಂಬರೋ ಕೊಟ್ಟು "ಇವರೇ ಓನರ್" ಅಂತ ಹೇಳೋದು ಹೊಸದೇನಲ್ಲ. ಬ್ರೋಕರ್ ಮೂಲಕ ಬಂದ್ರೆ ಇನ್ನೂ ಹುಷಾರಾಗಿರಿ, ಬ್ರೋಕರ್‌ಗೆ ಒಂದು ತಿಂಗಳ ಬಾಡಿಗೆ ಕಮಿಷನ್ ಬರೋದು ಮನೆ ಸೆಟ್ ಆದ್ರೆ ಮಾತ್ರ, ಅವರ ಬಾಯಲ್ಲಿ ಎಲ್ಲರೂ "ತುಂಬಾ ಡೀಸೆಂಟ್ ಫ್ಯಾಮಿಲಿ ಸರ್".

ಮೊದಲು ಕಾಗದ ನೋಡಿ. ಹಳೇ ಮನೆ ಅಗ್ರಿಮೆಂಟ್ ಕೇಳಿ, 11 ತಿಂಗಳದ್ದು ಇರುತ್ತೆ, ಒಂದು ವರ್ಷ ದಾಟಿದ್ರೆ ರಿಜಿಸ್ಟರ್ ಮಾಡಿಸ್ಬೇಕು ಅನ್ನೋ ಕಾರಣಕ್ಕೆ ಎಲ್ಲರೂ 11ಕ್ಕೇ ನಿಲ್ಲಿಸ್ತಾರೆ. ಅದರಲ್ಲಿ ಓನರ್ ಹೆಸರು, ಬಾಡಿಗೆ, ಅಡ್ವಾನ್ಸ್, ತಾರೀಕು ಎಲ್ಲಾ ಇರುತ್ತೆ, ಅದನ್ನ ಮುಂದೆ ಇಟ್ಕೊಂಡೇ ಫೋನ್ ಮಾಡೋದು. ಅಗ್ರಿಮೆಂಟ್ ರಿನ್ಯೂ ಮಾಡಿಸೇ ಇಲ್ಲ, ಬಾಯಿ ಮಾತಲ್ಲಿ ನಾಕು ವರ್ಷ ಇದ್ವಿ ಅಂತಾರಾ? ಅದೂ ಸಹಜ, ಅರ್ಧ ಬೆಂಗಳೂರು ಹಾಗೇ ಇದೆ. ಆಗ ಆ ಮನೆ ಬೆಸ್ಕಾಂ ಬಿಲ್ ತೋರಿಸೋಕೆ ಹೇಳಿ. ಬಿಲ್ಲಲ್ಲಿ ಆರ್‌ಆರ್ ನಂಬರ್ (ಆ ಕರೆಂಟ್ ಕನೆಕ್ಷನ್ ನಂಬರ್) ಜೊತೆ ಹೆಸರು, ವಿಳಾಸ ಇರುತ್ತೆ. ಹೆಸರು ಓನರ್ ಹೆಸರಿಗೆ ಹೊಂದ್ಲಿಲ್ಲ ಅಂತ ತಕ್ಷಣ ಅನುಮಾನ ಪಡ್ಬೇಡಿ, ತೀರಿಹೋದ ತಂದೆ ಹೆಸರಲ್ಲೇ ಮೀಟರ್ ಇರೋ ಮನೆಗಳು ಬೇಕಾದಷ್ಟಿವೆ, ಮನೆ ಮಾರಿದ ಬಿಲ್ಡರ್ ಹೆಸರಲ್ಲೇ ಇರೋದೂ ಉಂಟು. ಆದ್ರೆ ವಿಳಾಸ ಹೊಂದ್ಬೇಕು. ಗೃಹಜ್ಯೋತಿ ತಗೊಂಡಿದ್ರೆ ಅವರ ಆಧಾರ್ ಆ ಆರ್‌ಆರ್ ನಂಬರ್‌ಗೆ ಲಿಂಕ್ ಆಗಿರುತ್ತೆ, ಮಾತಿನ ಮಧ್ಯೆ ಹೇಳಿಬಿಡ್ತೀನಿ, ಹಳೇ ಮನೆದು ಡೀ-ಲಿಂಕ್ ಮಾಡ್ಕೊಂಡು ಬರೋಕೆ ಹೇಳಿ, ಇಲ್ಲಾಂದ್ರೆ ನಿಮ್ಮ ಮನೆಗೆ ಬಂದ್ಮೇಲೆ ಆ ಒದ್ದಾಟ ಬೇರೆ.

ಇದಕ್ಕಿಂತ ಒಳ್ಳೇದು ಯುಪಿಐ. ಈಗ ಬಹುತೇಕ ಎಲ್ಲರೂ ಬಾಡಿಗೆ ಫೋನ್‌ಪೇಲೋ ಗೂಗಲ್‌ಪೇಲೋ ಹಾಕೋದು. ಕೊಟ್ಟಿರೋ ಓನರ್ ನಂಬರನ್ನ ನಿಮ್ಮ ಆ್ಯಪಲ್ಲಿ ಹಾಕಿ ನೋಡಿ, ಯುಪಿಐ ಇದ್ರೆ ಬ್ಯಾಂಕಲ್ಲಿರೋ ಹೆಸರು ಬರುತ್ತೆ, ದುಡ್ಡು ಕಳಿಸೋ ಅಗತ್ಯ ಏನಿಲ್ಲ. ಅದು ಅಗ್ರಿಮೆಂಟಲ್ಲಿರೋ ಹೆಸರಿಗೆ ಹೊಂದಿದ್ರೆ ಅರ್ಧ ಕೆಲಸ ಆಯ್ತು. ಇನ್ನರ್ಧಕ್ಕೆ, ಆ ನಂಬರ್‌ಗೆ ತಿಂಗಳು ತಿಂಗಳು ಬಾಡಿಗೆ ಹೋಗಿರೋ ಹಿಸ್ಟರಿಯನ್ನ ಅವರ ಫೋನಲ್ಲೇ ತೋರಿಸೋಕೆ ಹೇಳಿ. ಆರು ತಿಂಗಳದ್ದು ನೋಡಿದ್ರೆ ಸಾಕು, 5ನೇ ತಾರೀಕೊಳಗೆ ಹೋಗ್ತಿತ್ತಾ, 20ಕ್ಕೆ ಎರಡು ಕಂತಲ್ಲಿ ಹೋಗ್ತಿತ್ತಾ, ಯಾವ ಓನರ್ ಬಾಯಿಂದ ಕೇಳೋದಕ್ಕಿಂತ ಅದು ಚೆನ್ನಾಗಿ ಹೇಳುತ್ತೆ. ಪೂರ್ತಿ ಬ್ಯಾಂಕ್ ಸ್ಟೇಟ್‌ಮೆಂಟ್ ಕೇಳೋದು ಬೇಡ, ಅವರು ಎಲ್ಲಿ ಊಟ ಮಾಡಿದ್ರು ಏನು ತಗೊಂಡ್ರು ಅನ್ನೋದು ನಮಗೆ ಯಾಕೆ.

ಬಾಡಿಗೆ ರಸೀದಿ ತೋರಿಸಿದ್ರೆ? ಅದನ್ನ ನಾನು ಅಷ್ಟಾಗಿ ಲೆಕ್ಕಕ್ಕೆ ತಗೊಳ್ಳಲ್ಲ. ರಸೀದಿ ಪುಸ್ತಕ ಸ್ಟೇಷನರಿ ಅಂಗಡೀಲಿ ಸಿಗುತ್ತೆ, ಒಂದು ರೂಪಾಯಿ ರೆವಿನ್ಯೂ ಸ್ಟಾಂಪ್ ಅಂಟಿಸಿ ಸೈನ್ ಹಾಕಿದ್ರೆ ಆಯ್ತು, ಆಫೀಸಲ್ಲಿ ಎಚ್‌ಆರ್‌ಎ ಕ್ಲೇಮ್‌ಗೆ ಅಂತ ಅಪ್ಪನ ಹೆಸರಲ್ಲಿ ಮಾವನ ಹೆಸರಲ್ಲಿ ಬರೆಸ್ಕೊಂಡಿರೋದು ಎಷ್ಟೋ ಇರುತ್ತೆ.

ಇನ್ನು ಫೋನಲ್ಲೇ ಪತ್ತೆ ಹಚ್ಚೋ ಉಪಾಯ. ಅಗ್ರಿಮೆಂಟಲ್ಲಿ 22 ಸಾವಿರ ಅಂತಿದ್ರೆ "ಬಾಡಿಗೆ 18 ಇತ್ತಂತಲ್ವಾ ಸರ್?" ಅಂತ ಕೇಳಿ. ನಿಜವಾದ ಓನರ್ ಆದ್ರೆ "ಯಾರ್ರೀ ಹೇಳಿದ್ದು 18 ಅಂತ, 22 ತಗೋತಿದ್ದೆ, ಮೇಂಟೆನೆನ್ಸ್ ಬೇರೆ" ಅಂತ ಸಿಡುಕಿ ತಿದ್ದುತ್ತಾರೆ. ಫ್ರೆಂಡ್ ಆದ್ರೆ "ಹಾಂ ಹಾಂ ಅಷ್ಟೇ ಇತ್ತು" ಅಂತ ಒಪ್ಕೋತಾರೆ. ಇನ್ನೊಂದು, ಮನೆ ಬಗ್ಗೆ ಕೇಳಿ, ಕಾವೇರಿ ನೀರು ಹೆಂಗೆ ಬರುತ್ತೆ ನಿಮ್ಮ ಏರಿಯಾದಲ್ಲಿ, ಟ್ಯಾಂಕರ್ ಹಾಕಿಸ್ತೀರಾ ಅಂತ. ನಿಜವಾದ ಓನರ್‌ಗೆ ನೀರಿನ ವಿಷಯ ಎತ್ತಿದ್ರೆ ಸಂಪು, ಮೋಟರ್, ಬೋರ್‌ವೆಲ್ ಬತ್ತಿದ್ದು, ಪಕ್ಕದ ಅಪಾರ್ಟ್‌ಮೆಂಟವರು ಮಾಡೋ ಅನ್ಯಾಯ ಎಲ್ಲಾ ಬರುತ್ತೆ, ನಿಲ್ಲಿಸೋದೇ ಕಷ್ಟ. ಸುಳ್ಳು ಓನರ್ "ಬರುತ್ತೆ, ಚೆನ್ನಾಗಿ ಬರುತ್ತೆ" ಅಂತ ಮುಗಿಸ್ತಾನೆ. ಕೆಲವರು "ಸರ್ ನಿಮ್ಮದು ಮನೆ ಖಾಲಿ ಇದ್ಯಂತೆ, ನೋಡೋಕೆ ಬರ್ಬೋದಾ" ಅಂತ ನಾಟಕ ಮಾಡಿ ಟೆಸ್ಟ್ ಮಾಡ್ತಾರೆ. ಕೆಲಸ ಮಾಡುತ್ತೆ ನಿಜ, ಆದ್ರೆ ಸುಳ್ಳು ಹೇಳಿ ಶುರು ಮಾಡಿ ಆಮೇಲೆ ಅದೇ ಮನುಷ್ಯನಿಂದ ನಿಜ ಬಯಸೋದು ನನಗೆ ಸರಿ ಅನ್ಸಲ್ಲ.

ಮಾತು ಹೀಗೆ

ಹಳೇ ಓನರ್ ಫೋನ್ ಎತ್ತಿದ ತಕ್ಷಣ ಅವರ ತಲೇಲಿ ಬರೋದು, ಯಾರಪ್ಪ ಇವರು, ಬಾಡಿಗೆ ವಿಷಯ ಯಾಕೆ ಕೇಳ್ತಿದಾರೆ, ಇನ್‌ಕಮ್ ಟ್ಯಾಕ್ಸ್‌ನವರಾ ಅಂತ. ಕ್ಯಾಶಲ್ಲಿ ಬಾಡಿಗೆ ತಗೊಳ್ಳೋರಂತೂ ಬಾಯೇ ಬಿಡಲ್ಲ. ಅದಕ್ಕೆ ಮೊದಲು ಬಾಡಿಗೆದಾರರ ಕೈಲೇ ಅವರಿಗೆ ಒಂದು ಮಾತು ಹೇಳಿಸಿ, "ಹೊಸ ಮನೆಯವರು ಫೋನ್ ಮಾಡ್ತಾರೆ" ಅಂತ. ಆಮೇಲೆ ನೀವು ಬೆಳಿಗ್ಗೆ 10ರಿಂದ 12ರ ಒಳಗೋ ಸಂಜೆಯೋ ಮಾಡಿ, ಮಧ್ಯಾಹ್ನ ಊಟ ಮಾಡಿ ಮಲಗಿರೋ ಹಿರಿಯರನ್ನ ಎಬ್ಬಿಸಿದ್ರೆ ಅಲ್ಲಿಗೆ ಮುಗೀತು.

"ನಮಸ್ಕಾರ ಸರ್, ವಿಜಯನಗರದಿಂದ ಮಾತಾಡ್ತಿದೀನಿ. ನಮ್ಮದೊಂದು ಮನೆ ಖಾಲಿ ಇದೆ, ನಿಮ್ಮ ಮನೇಲಿದ್ದ ಇಂಥವರು ನೋಡ್ಕೊಂಡು ಹೋಗಿದಾರೆ. ನಿಮಗೆ ಫೋನ್ ಮಾಡ್ತೀನಿ ಅಂತ ಅವರಿಗೂ ಹೇಳಿದೀನಿ. ಎರಡು ನಿಮಿಷ ಮಾತಾಡ್ಬೋದಾ?"

"ಹಾಂ ಹೇಳಿ, ಹೇಳಿ."

"ಯಾವಾಗಿಂದ ಯಾವಾಗಿನವರೆಗೂ ಇದ್ರು ಸರ್ ನಿಮ್ಮಲ್ಲಿ?"

"ಒಂದು... ಎರಡೂವರೆ ವರ್ಷ ಇದ್ರು. ಯುಗಾದಿ ಆದ್ಮೇಲೆ ಬಂದಿದ್ರು."

"ಬಾಡಿಗೆ ಯಾವ ತಾರೀಕಿಗೆ ಕೊಡ್ತಿದ್ರು?"

"ಕೊಡ್ತಿದ್ರು. ಕೊನೆ ಎರಡು ತಿಂಗಳು ಅಡ್ವಾನ್ಸಲ್ಲಿ ಮುರ್ಕೊಳ್ಳಿ ಅಂದ್ರು."

ನೋಡಿ, ಇಲ್ಲಿ ನಿಲ್ಬೇಕು. ತಾರೀಕು ಕೇಳಿದ್ರೆ ತಾರೀಕು ಬರ್ಲಿಲ್ಲ, "ಕೊಡ್ತಿದ್ರು" ಅಷ್ಟೇ ಬಂತು. ಇನ್ನೊಂದು ಸಲ ಮೃದುವಾಗಿ ಕೇಳಿ, "ಒಂದನೇ ವಾರದಲ್ಲೇ ಬಂದುಬಿಡ್ತಿತ್ತಾ ಸರ್, ನೀವು ನೆನಪು ಮಾಡ್ಬೇಕಿತ್ತಾ?" ಅಂತ. ಅಡ್ವಾನ್ಸಲ್ಲಿ ಮುರ್ಕೊಳ್ಳಿ ಅಂದದ್ದು ಯಾರು, ಒಪ್ಪಿಗೆ ಮೇಲೆ ಆಯ್ತಾ ಅಥವಾ ಅವರೇ ನಿಲ್ಲಿಸಿಬಿಟ್ರಾ ಅಂತನೂ ಕೇಳಿ, ಯಾಕಂದ್ರೆ ಎರಡೂ ಬೇರೆ ಬೇರೆ. ಎಷ್ಟೋ ಬಾಡಿಗೆದಾರರು ಹಾಗೆ ಮಾಡೋದು ಅಡ್ವಾನ್ಸ್ ವಾಪಸ್ ಬರಲ್ಲ ಅನ್ನೋ ಭಯಕ್ಕೆ, ಆ ಭಯ ಹುಟ್ಟಿಸಿರೋದೂ ನಮ್ಮಂಥ ಓನರ್‌ಗಳೇ.

ಇದಾದ್ಮೇಲೆ ಕೇಳ್ಬೇಕಾದ್ದು, ಅಗ್ರಿಮೆಂಟಲ್ಲಿ ಹೇಳಿದಷ್ಟೇ ಜನ ಇದ್ರಾ, ಬೇರೆ ಯಾರಿಗಾದ್ರೂ ಒಳಬಾಡಿಗೆ ಕೊಟ್ಟಿದ್ರಾ, ಖಾಲಿ ಮಾಡೋ ಮುಂಚೆ ಹೇಳಿದ್ರಾ, ಎಷ್ಟು ದಿನ ಮುಂಚೆ, ಕರೆಂಟ್ ನೀರಿನ ಬಿಲ್ ಬಾಕಿ ಉಳಿಸಿದ್ರಾ, ಕೀ ಕೊಟ್ಟ ದಿನ ಮನೆ ಹೇಗಿತ್ತು. ಮನೆ ಹೇಗಿತ್ತು ಅಂದ್ರೆ ಗೋಡೆಗೆ ಮೊಳೆ ಹೊಡೆದಿದ್ರು, ಅಡುಗೆಮನೆ ಟೈಲ್ಸ್ ಜಿಡ್ಡು ಅನ್ನೋದು ಬರುತ್ತೆ, ಅದಕ್ಕೆ ತಲೆ ಕೆಡಿಸ್ಕೋಬೇಡಿ, ಮನೇಲಿ ಮನುಷ್ಯರು ಇದ್ರು ಅಂದ್ರೆ ಅಷ್ಟಾಗುತ್ತೆ, ಅದಕ್ಕೇ ಅಲ್ವಾ ಖಾಲಿ ಮಾಡುವಾಗ ಒಂದು ತಿಂಗಳ ಬಾಡಿಗೆ ಪೇಂಟಿಂಗ್‌ಗೆ ಅಂತ ಹಿಡ್ಕೊಳ್ಳೋದು. ಬಾಗಿಲು ಮುರಿದಿತ್ತು, ಕಮೋಡ್ ಒಡೆದಿತ್ತು, ಗೀಸರ್ ಬಿಚ್ಕೊಂಡು ಹೋಗಿದ್ರು ಅಂದ್ರೆ ಅದು ಬೇರೆ ಮಾತು. ಅಕ್ಕಪಕ್ಕದವರಿಂದ ಕಂಪ್ಲೇಂಟ್ ಬಂದಿತ್ತಾ ಅಂತ ಕೇಳಿದ್ರೆ ಏನು ಕಂಪ್ಲೇಂಟು ಅಂತ ಬಿಡಿಸಿ ಕೇಳಿ. "ಲೇಟಾಗಿ ಬರ್ತಿದ್ರು" ಅನ್ನೋದು ಕಂಪ್ಲೇಂಟಲ್ಲ, ಶಿಫ್ಟ್ ಕೆಲಸದವರು ಮತ್ತೆ ಯಾವಾಗ ಬರ್ಬೇಕು.

ಕೊನೆಗೆ ಒಂದು ಪ್ರಶ್ನೆ ಇಟ್ಕೊಳ್ಳಿ: "ನಾಳೆ ಇವರೇ ವಾಪಸ್ ಬಂದು ಮನೆ ಕೇಳಿದ್ರೆ ಕೊಡ್ತೀರಾ ಸರ್?" ಇದಕ್ಕೆ "ಕೊಡ್ತೀನಿ" ಅಂತ ಥಟ್ಟಂತ ಬಂದ್ರೆ ನಿಮಗೆ ಬೇಕಾದ್ದು ಸಿಕ್ತು. "ಈಗ ಮಗಳಿಗೆ ಅಂತ ಇಟ್ಕೊಂಡಿದೀವಿ" ಅಂತ ಬಂದ್ರೆ ಅದು ಉತ್ತರ ತಪ್ಪಿಸಿದ್ದೂ ಇರ್ಬೋದು, ನಿಜವಾಗಿ ಮಗಳಿಗೆ ಇಟ್ಕೊಂಡಿದ್ದೂ ಇರ್ಬೋದು, ಅದೊಂದರ ಮೇಲೆ ತೀರ್ಮಾನ ಮಾಡ್ಬೇಡಿ.

ಓನರ್ ಆಂಟಿ ಫೋನ್ ಎತ್ತಿದ್ರೆ ಇನ್ನೂ ಒಳ್ಳೇದು. ಸರ್‌ಗೆ ಬಾಡಿಗೆ ದುಡ್ಡು ಬಂತಾ ಇಲ್ವಾ ಅಷ್ಟೇ ಗೊತ್ತಿರುತ್ತೆ, ಮೇಲೆ ಕೆಳಗೆ ಓಡಾಡೋರು, ಮೋಟರ್ ಆಫ್ ಮಾಡೋರು, ಕಸದ ಗಾಡಿ ಬಂದಾಗ ಕೂಗೋರು ಅವರು. ಆದ್ರೆ ಅವರ ಹತ್ರ ಮಾತು ಬಹಳ ಬೇಗ ಬೇರೆ ಕಡೆ ಹೋಗುತ್ತೆ, ಆ ಹುಡುಗಿ ಯಾರ ಜೊತೆ ಬರ್ತಿದ್ಲು, ಏನು ಅಡುಗೆ ಮಾಡ್ತಿದ್ರು, ಯಾವ ಜನ ಅಂತ. ನೀವು ಕೇಳ್ಬೇಡಿ, ಅವರಾಗೇ ಹೇಳಿದ್ರೆ "ಸರಿ ಆಂಟಿ, ಬಾಡಿಗೆ ಏನೂ ತೊಂದ್ರೆ ಇರ್ಲಿಲ್ಲ ಅಲ್ವಾ" ಅಂತ ಮಾತನ್ನ ವಾಪಸ್ ದಾರಿಗೆ ತನ್ನಿ. ಜಾತಿ, ಧರ್ಮ, ಊಟ, ಮದುವೆ ಆಗಿದ್ಯಾ ಆಗಿಲ್ವಾ, ಇವು ಯಾವುದೂ ಬಾಡಿಗೆ ಬರುತ್ತಾ ಇಲ್ವಾ ಅನ್ನೋದನ್ನ ಹೇಳಲ್ಲ. "ಓನ್ಲಿ ವೆಜ್" ಬೋರ್ಡ್ ಹಾಕ್ಕೊಂಡು ಮನೆ ಆರು ತಿಂಗಳು ಖಾಲಿ ಇಟ್ಕೊಂಡೋರನ್ನ ನಮ್ಮ ರಸ್ತೇಲೇ ನೋಡಿದೀನಿ.

ಹೇಳಿದ್ದನ್ನ ಹೇಗೆ ತೂಗೋದು

ಈಗ ಮೊದಲು ಹೇಳಿದ ಮಾತಿಗೆ ಬರ್ತೀನಿ. ಈಗಿರೋ ಓನರ್‌ಗೆ ಈ ವಿಷಯದಲ್ಲಿ ಸ್ವಂತ ಲಾಭ ನಷ್ಟ ಇದೆ. ಬಾಡಿಗೆದಾರ ತಲೆನೋವಾಗಿದ್ರೆ ಅವರು ಏನು ಮಾಡ್ತಾರೆ? ಹೊಗಳ್ತಾರೆ. ಚಿನ್ನದಂಥ ಜನ ಸರ್, ಬಿಟ್ಟು ಹೋಗ್ತಿದಾರಲ್ಲ ಅಂತ ಬೇಜಾರು ಅಂತಾರೆ, ಯಾಕಂದ್ರೆ ನೀವು ಮನೆ ಕೊಟ್ರೆ ಅವರ ಪೀಡೆ ಕಳೀತು. ಉಲ್ಟಾನೂ ಆಗುತ್ತೆ, ಒಳ್ಳೆ ಬಾಡಿಗೆದಾರ ಹೋಗ್ತಿದಾನೆ ಅನ್ನೋ ಸಿಟ್ಟಿಗೋ, ಅಡ್ವಾನ್ಸ್ ವಾಪಸ್ ಕೊಡೋ ಜಗಳ ನಡೀತಿದೆ ಅನ್ನೋ ಕಾರಣಕ್ಕೋ ಇಲ್ಲದ್ದೆಲ್ಲ ಹೇಳ್ತಾರೆ. ಅದಕ್ಕಿಂತ ಹಿಂದಿನ ಓನರ್‌ಗೆ ಈ ಯಾವ ಲೆಕ್ಕಾಚಾರಾನೂ ಇಲ್ಲ. ಅವರಿಗೆ ಹೋದೋರು ಹೋದ್ರು, ಕೊಡೋದು ತಗೊಳ್ಳೋದು ಮುಗಿದಿರುತ್ತೆ, ಇದ್ದದ್ದು ಇದ್ದ ಹಾಗೆ ಹೇಳ್ತಾರೆ. ಅವರಿಗೆ ಜಾಸ್ತಿ ನೆನಪಿಲ್ದೇ ಇರ್ಬೋದು, ಆದ್ರೆ ಏನೂ ನೆನಪಿಲ್ಲ ಅನ್ನೋದೇ ಒಂದು ಒಳ್ಳೆ ರೆಫರೆನ್ಸ್, ತೊಂದ್ರೆ ಕೊಟ್ಟೋರನ್ನ ಯಾವ ಓನರೂ ಮರೆಯಲ್ಲ.

ಆಮೇಲೆ ಅಭಿಪ್ರಾಯ ಬೇರೆ, ನಡೆದಿದ್ದು ಬೇರೆ ಅಂತ ವಿಂಗಡಿಸ್ಕೊಳ್ಳಿ. "ಅವರು ಸರಿ ಇಲ್ಲ ಸರ್, ಅಹಂಕಾರ" ಅಂದ್ರೆ ಅದು ಅಭಿಪ್ರಾಯ, ಬಹುಶಃ ಗೀಸರ್ ರಿಪೇರಿ ಮಾಡ್ಸಿ ಅಂತ ಮೂರು ಸಲ ಕೇಳಿರ್ತಾರೆ ಅದಕ್ಕೆ ಅಹಂಕಾರ. "ಮೂರು ತಿಂಗಳು ಬಾಡಿಗೆ ಕೊಡದೆ ಫೋನ್ ಎತ್ತದೆ ಇದ್ರು" ಅಂದ್ರೆ ಅದು ನಡೆದಿದ್ದು. ಎರಡನೇದನ್ನ ಪೇಮೆಂಟ್ ಹಿಸ್ಟರಿ ಜೊತೆ ಹೋಲಿಸಿ ನೋಡ್ಬೋದು, ಮೊದಲನೇದನ್ನ ಏನು ಮಾಡ್ತೀರಾ, ಬಿಟ್ಟುಬಿಡಿ. ಬಾಡಿಗೆ ತಪ್ಪಿದ ಕಾಲ ಯಾವುದು ಅಂತನೂ ನೋಡಿ, 2020ರ ಲಾಕ್‌ಡೌನಲ್ಲಿ ಕೆಲಸ ಹೋಗಿ ನಾಕು ತಿಂಗಳು ಕೊಡಕ್ಕಾಗ್ದೆ ಆಮೇಲೆ ಕಂತಲ್ಲಿ ಪೂರ್ತಿ ತೀರಿಸಿದವರಿಗೆ ನಾನಾದ್ರೆ ಕಣ್ಣು ಮುಚ್ಕೊಂಡು ಮನೆ ಕೊಡ್ತೀನಿ.

ಕೆಟ್ಟ ಮಾತು ಬಂತು ಅಂತ ಇಟ್ಕೊಳ್ಳಿ. ಆಗ್ಲೇ ಬೇಡ ಅನ್ಬೇಡಿ, ಬಂದೋರನ್ನ ಒಂದು ಸಲ ಕೇಳಿ. ಆದ್ರೆ "ನಿಮ್ಮ ಓನರ್ ಹಿಂಗಂದ್ರು" ಅಂತ ಅಲ್ಲ, ಹಂಗಂದ್ರೆ ನಾಳೆ ಅವರಿಬ್ಬರ ಮಧ್ಯೆ ಕುಸ್ತಿ, ಮುಂದೆ ಆ ಓನರ್ ಯಾರಿಗೂ ಬಾಯಿ ಬಿಡಲ್ಲ. "ಹಳೇ ಮನೆ ಅಡ್ವಾನ್ಸ್ ಪೂರ್ತಿ ವಾಪಸ್ ಬಂತಾ, ಏನಾದ್ರೂ ಹಿಡ್ಕೊಂಡ್ರಾ?" ಅಂತ ಸುಮ್ನೆ ಕೇಳಿ, ಅವರೇ ಕಥೆ ಹೇಳ್ತಾರೆ. ಎರಡು ಕಥೇಲೂ ತಾರೀಕು, ದುಡ್ಡು ಹೊಂದಿ ಕಾರಣ ಮಾತ್ರ ಬೇರೆ ಆದ್ರೆ ಅದು ಸಾಮಾನ್ಯ ಓನರ್-ಬಾಡಿಗೆದಾರ ಜಗಳ. ದುಡ್ಡಿನ ಲೆಕ್ಕಾನೇ ಹೊಂದ್ಲಿಲ್ಲ ಅಂದ್ರೆ ಯೋಚನೆ ಮಾಡಿ.

ಹಳೇ ಓನರೇ ಇಲ್ದಿದ್ರೆ

ಹುಬ್ಬಳ್ಳಿಯಿಂದಲೋ ಶಿವಮೊಗ್ಗದಿಂದಲೋ ಮೊದಲ ಕೆಲಸಕ್ಕೆ ಬಂದ ಹುಡುಗ ಹುಡುಗಿಯರಿಗೆ ಓನರ್ ರೆಫರೆನ್ಸ್ ಎಲ್ಲಿಂದ ಬರ್ಬೇಕು. ಪಿಜಿಲಿದ್ರೆ ಪಿಜಿ ನಡೆಸೋರು, ಹಾಸ್ಟೆಲಲ್ಲಿದ್ರೆ ವಾರ್ಡನ್, ಅದೂ ಇಲ್ಲಾಂದ್ರೆ ಆಫರ್ ಲೆಟರ್ ನೋಡಿ ಅಪ್ಪ ಅಮ್ಮನ ಹತ್ರ ಒಂದು ಮಾತು, ಸಾಕು. ರೆಫರೆನ್ಸ್ ಇಲ್ಲ ಅನ್ನೋದನ್ನ ತಪ್ಪು ಅಂತ ಹಿಡೀಬೇಡಿ.

ನಾಕು ಜನ ಸೇರಿ ಬರೋ ಬ್ಯಾಚುಲರ್ಸ್ ವಿಷಯದಲ್ಲಿ ಒಂದು ಗಮನಿಸಿ. ಹಳೇ ಅಗ್ರಿಮೆಂಟ್ ಒಬ್ಬನ ಹೆಸರಲ್ಲಿರುತ್ತೆ, ಓನರ್ ಹೊಗಳೋದು ಅವನನ್ನ, ಅವನು ಮಧ್ಯದಲ್ಲಿ ಟ್ರಾನ್ಸ್‌ಫರ್ ಆಗಿ ಪುಣೆಗೆ ಹೋಗಿ ಇನ್ನು ಮೂರು ಜನ ನಿಮ್ಮಲ್ಲಿ ಉಳ್ಕೊಂಡ್ರೆ ಆ ರೆಫರೆನ್ಸಿಗೆ ಅರ್ಥ ಇಲ್ಲ. ಎಲ್ಲರ ಹೆಸರೂ ಹೇಳಿ ಕೇಳಿ, ಅಗ್ರಿಮೆಂಟಲ್ಲೂ ಎಲ್ಲರ ಹೆಸರು ಹಾಕ್ಸಿ.

ಅಮೆರಿಕದಿಂದಲೋ ಇನ್ನೆಲ್ಲಿಂದಲೋ ವಾಪಸ್ ಬಂದ ನಮ್ಮವರಾದ್ರೆ ಅಲ್ಲಿ ಅಪಾರ್ಟ್‌ಮೆಂಟ್ ನೋಡ್ಕೊಳ್ಳೋದು ಮ್ಯಾನೇಜ್‌ಮೆಂಟ್ ಕಂಪನಿ, ಫೋನಲ್ಲಿ ಏನೂ ಹೇಳಲ್ಲ, ಬಾಡಿಗೆದಾರರು ಸೈನ್ ಮಾಡಿದ ಒಪ್ಪಿಗೆ ಪತ್ರ ಕಳಿಸಿದ್ರೆ ಈಮೇಲಲ್ಲಿ ಎಷ್ಟು ದಿನ ಇದ್ರು, ಬಾಡಿಗೆ ತಪ್ಪಿತ್ತಾ ಅಷ್ಟು ಬರೆದು ಕಳಿಸ್ತಾರೆ. ಅಷ್ಟು ಸಾಕು. ಬರೋರು ವಿದೇಶಿ ಪಾಸ್‌ಪೋರ್ಟವರಾದ್ರೆ ಮಾತ್ರ ಮನೆಗೆ ಬಂದ 24 ಗಂಟೆ ಒಳಗೆ ಓನರ್ ಆನ್‌ಲೈನಲ್ಲಿ ವಿದೇಶಿಯರ ಮಾಹಿತಿ ಫಾರ್ಮ್ (2025ರವರೆಗೆ ಫಾರ್ಮ್ ಸಿ ಅಂತಿದ್ರು) ತುಂಬ್ಬೇಕು, ಅದು ನಿಮ್ಮ ಜವಾಬ್ದಾರಿ, ರೆಫರೆನ್ಸಿಗೂ ಅದಕ್ಕೂ ಸಂಬಂಧ ಇಲ್ಲ. ಹಾಗೇ ಹತ್ತಿರದ ಸ್ಟೇಷನಲ್ಲಿ ಪೊಲೀಸ್ ವೆರಿಫಿಕೇಷನ್ ಮಾಡ್ಸೋದೂ ಬೇರೇನೇ, ಅದು ಕೇಸ್ ಇದ್ಯಾ ಅಂತ ಹೇಳುತ್ತೆ, ಬಾಡಿಗೆ ಕೊಡ್ತಾರಾ ಅಂತ ಹೇಳಲ್ಲ.

ಕಾಗದ ಪತ್ರ, ಬೇಡ ಅನ್ನೋದು

ಫೋನ್ ಮುಗಿದ ತಕ್ಷಣ ನಾಕು ಸಾಲು ಬರೆದಿಟ್ಕೊಳ್ಳಿ, ಯಾರ ಹತ್ರ ಮಾತಾಡಿದ್ರಿ, ಯಾವತ್ತು, ಏನಂದ್ರು. ಇಬ್ಬರು ಮೂವರು ಮನೆ ಕೇಳ್ತಿದ್ರೆ ಯಾರ ಓನರ್ ಏನಂದ್ರು ಅನ್ನೋದು ಎರಡು ದಿನದಲ್ಲಿ ಕಲಸಿ ಹೋಗುತ್ತೆ. ಫೋನ್ ರೆಕಾರ್ಡ್ ಮಾಡೋದು ಬೇಡ. ಆಧಾರ್ ಕೇಳಿದ್ರೆ ಮಾಸ್ಕ್ಡ್ ಆಧಾರ್ ಕೊಡಿ ಅನ್ನಿ, ಅದರಲ್ಲಿ ಕೊನೆ 4 ಅಂಕಿ ಮಾತ್ರ ಕಾಣುತ್ತೆ, ನಿಮ್ಮ ಕೆಲಸಕ್ಕೆ ಅಷ್ಟು ಸಾಕು. ಮನೆ ಕೊಡ್ದೇ ಇದ್ದವರ ಅಗ್ರಿಮೆಂಟ್, ಬಿಲ್ಲು, ಐಡಿ ಫೋಟೋ ಎಲ್ಲಾ ವಾಟ್ಸಾಪಿಂದ ಗ್ಯಾಲರಿಯಿಂದ ಅಳಿಸಿಬಿಡಿ. ಹಳೇ ಓನರ್ ಹೇಳಿದ್ದನ್ನ ಬೀದಿ ಗ್ರೂಪಲ್ಲೋ ಅಪಾರ್ಟ್‌ಮೆಂಟ್ ಗ್ರೂಪಲ್ಲೋ "ಇವರಿಗೆ ಮನೆ ಕೊಡ್ಬೇಡಿ" ಅಂತ ಫೋಟೋ ಸಮೇತ ಹಾಕೋರಿದಾರೆ, ದಯವಿಟ್ಟು ಹಾಕ್ಬೇಡಿ. ಕೇಳಿದ ಮಾತು ಸುಳ್ಳಾದ್ರೆ ಮಾನನಷ್ಟ ಕೇಸ್ ಬೀಳೋದು ಹಾಕಿದವರ ಮೇಲೆ, ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 356ನೇ ಸೆಕ್ಷನ್.

ಬೇಡ ಅನ್ನೋದಾದ್ರೆ ಬೇಗ ಹೇಳಿ. "ಬೇರೆಯವರಿಗೆ ಕೊಟ್ಟಾಯ್ತು" ಅಂತ ಸುಳ್ಳು ಹೇಳಿ ವಾರ ಪೂರ್ತಿ ಅದೇ ಬೋರ್ಡ್ ನೇತಾಕಿದ್ರೆ ಅವರೂ ನೋಡ್ತಿರ್ತಾರೆ. "ಯೋಚನೆ ಮಾಡಿದ್ವಿ, ನಮಗೆ ಹೊಂದ್ತಿಲ್ಲ, ಬೇರೆ ನೋಡ್ಕೊಳ್ಳಿ" ಅಂದ್ರೆ ಆಯ್ತು, ಕಾರಣ ಬಿಡಿಸಿ ಹೇಳೋ ಬಲವಂತ ಏನಿಲ್ಲ. ಅಕಸ್ಮಾತ್ ಟೋಕನ್ ತಗೊಂಡಿದ್ರೆ ಅವತ್ತೇ ಪೂರ್ತಿ ವಾಪಸ್ ಹಾಕಿ.

ನಿಮಗೇ ಫೋನ್ ಬಂದಾಗ

ಒಂದಲ್ಲ ಒಂದಿನ ನೀವೂ ಹಳೇ ಓನರ್ ಆಗ್ತೀರಾ. ಆಗ ಗೊತ್ತಿರೋದು ಮಾತ್ರ ಹೇಳಿ, ಇಷ್ಟು ದಿನ ಇದ್ರು, ಬಾಡಿಗೆ ಇಷ್ಟು, ಹಿಂಗೆ ಕೊಡ್ತಿದ್ರು, ನೋಟಿಸ್ ಕೊಟ್ರು ಅಥವಾ ಕೊಡ್ಲಿಲ್ಲ. ಸಿಟ್ಟಿದ್ರೆ ಅವತ್ತು ಮಾತಾಡ್ಬೇಡಿ, "ನಾಳೆ ಫೋನ್ ಮಾಡಿ" ಅನ್ನಿ. ಪೀಡೆ ಕಳೀಲಿ ಅಂತ ಇಲ್ಲದ್ದನ್ನ ಹೊಗಳಿ ಇನ್ನೊಬ್ಬರ ತಲೆಗೆ ಕಟ್ಟೋದೂ ಬೇಡ, ಏನೂ ಹೇಳೋಕೆ ಇಷ್ಟ ಇಲ್ಲಾಂದ್ರೆ ತಾರೀಕು ಬಾಡಿಗೆ ಎರಡನ್ನೇ ಹೇಳಿ ನಿಲ್ಲಿಸಿ, ಕೇಳಿದವರಿಗೆ ಅರ್ಥ ಆಗುತ್ತೆ.

ನಾನೀಗ ಖಾಲಿ ಮಾಡಿ ಹೋಗೋರಿಗೆ ಕೀ ತಗೊಂಡು ಅಡ್ವಾನ್ಸ್ ಲೆಕ್ಕ ಮುಗಿಸೋ ದಿನಾನೇ ಒಂದು ಹಾಳೇಲಿ ಬರೆದು ಸೈನ್ ಹಾಕಿ ಕೊಡ್ತೀನಿ: ಇಂಥ ತಾರೀಕಿಂದ ಇಂಥ ತಾರೀಕಿನವರೆಗೆ ಇದ್ರು, ಬಾಡಿಗೆ ಇಷ್ಟು, ಬಾಕಿ ಏನಿಲ್ಲ, ಅಡ್ವಾನ್ಸಲ್ಲಿ ಪೇಂಟಿಂಗ್‌ಗೆ ಇಷ್ಟು ಹಿಡಿದು ಉಳಿದದ್ದು ವಾಪಸ್ ಕೊಟ್ಟಾಗಿದೆ, ಹೆಚ್ಚಿಗೆ ಬೇಕಿದ್ರೆ ಈ ನಂಬರ್‌ಗೆ ಸಂಜೆ 5ರ ಮೇಲೆ ಫೋನ್ ಮಾಡಿ. ಅವರ ಮುಂದಿನ ಓನರ್‌ಗೆ ಮುಕ್ಕಾಲು ಪ್ರಶ್ನೆ ಅಲ್ಲೇ ಮುಗಿಯುತ್ತೆ, ನನಗೂ ಎರಡು ವರ್ಷ ಆದ್ಮೇಲೆ ಯಾರೋ ಫೋನ್ ಮಾಡಿ ಕೇಳಿದ್ರೆ ಬಾಡಿಗೆ ಎಷ್ಟಿತ್ತು ಅಂತ ತಡಕಾಡೋದು ತಪ್ಪುತ್ತೆ, ಅದರದ್ದೊಂದು ಫೋಟೋ ನಮ್ಮ ಹತ್ರಾನೂ ಇಟ್ಕೊಂಡಿರ್ಬೇಕು ಅಷ್ಟೇ.